ಹೆರಿಗೆಯ ಹೊಲಿಗೆ: ಬಿಡಿ ಗಂಟೋ, ಒಂದೇ ದಾರವೋ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು. ಮೊದಲ ಹೆರಿಗೆಯಲ್ಲಿ ಕೆಳಭಾಗವನ್ನು ಕೊಯ್ದು ಬಿಡಿಬಿಡಿಯಾಗಿ ಹೊಲಿಗೆ ಹಾಕಿದ್ದರು. ಹನ್ನೆರಡು ದಿನ ನೆಟ್ಟಗೆ ಕೂರಲಾಗಲಿಲ್ಲ, ಕೊನೆಗೆ ಎರಡು ಹೊಲಿಗೆ ಬಿಚ್ಚಿಸಬೇಕಾಯಿತು. ಕುಮಟಾದಲ್ಲಿರುವ ಚಿಕ್ಕಮ್ಮನ ಮಗಳಿಗೆ ಒಂದೇ ದಾರದಲ್ಲಿ ಹೊಲಿದರಂತೆ, ಅವಳಿಗೆ ಅಷ್ಟು ನೋವಾಗಲಿಲ್ಲ. ನನಗೀಗ ಏಳು ತಿಂಗಳು, ಹೆರಿಗೆ ಆಷಾಢದಲ್ಲಿ. ಹಾಗೆಯೇ ಹೊಲಿಯಿರಿ ಎಂದು ಕೇಳಬಹುದೇ?

ಉತ್ತರ: ಕೇಳಬಹುದು, ಆದರೆ ಹೆರಿಗೆ ಕೋಣೆಯಲ್ಲಲ್ಲ, ಮುಂದಿನ ತಪಾಸಣೆಗೆ ಹೋದಾಗಲೇ ಕೇಳಿರಿ.

ಬಿಡಿ ಹೊಲಿಗೆಯಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಗಂಟು ಬೀಳುತ್ತದೆ. ಹೆರಿಗೆಯ ಮರುದಿನ ಆ ಜಾಗ ಊದಿಕೊಂಡಾಗ ಗಂಟು ಹಾಕಿದ ದಾರ ಸಡಿಲಗೊಳ್ಳಲಾರದೆ ಚರ್ಮವನ್ನು ಬಿಗಿಯುತ್ತದೆ. ನಿಮಗೆ ಕೂರಲಾಗದಿದ್ದುದಕ್ಕೆ ಬಹುಶಃ ಇದೇ ಕಾರಣ. ಒಂದೇ ದಾರವನ್ನು ಯೋನಿಯ ಒಳಗೋಡೆಯಿಂದ ಆರಂಭಿಸಿ, ಸ್ನಾಯುವನ್ನು ಕೂಡಿಸಿ, ಕೊನೆಗೆ ಚರ್ಮದ ಮೇಲ್ಮೈಗೆ ಬಾರದಂತೆ ಅದರ ಅಡಿಯಲ್ಲಿಯೇ ಸಡಿಲವಾಗಿ ಹಾಯಿಸಿದರೆ, ಊತದ ಒತ್ತಡ ಇಡೀ ದಾರಕ್ಕೆ ಹಂಚಿಹೋಗುತ್ತದೆ. ಇಂಗ್ಲೆಂಡಿನಲ್ಲಿ 1,542 ಬಾಣಂತಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತನೆಯ ದಿನ ನೋವಿದೆ ಎಂದವರು ಬಿಡಿ ಹೊಲಿಗೆಯವರಲ್ಲಿ ಶೇ 44, ಒಂದೇ ದಾರದವರಲ್ಲಿ ಶೇ 26.5. ಹೊಲಿಗೆ ಬಿಚ್ಚಿಸಬೇಕಾದ ಪ್ರಸಂಗವೂ ಶೇ 12ರಿಂದ ಶೇ 3ಕ್ಕೆ ಇಳಿದಿತ್ತು. ಆ ಹೊಲಿಗೆಗಳನ್ನು ಹಾಕಿದವರು ತರಬೇತಿ ಪಡೆದ ಸೂಲಗಿತ್ತಿ-ನರ್ಸುಗಳೆಂಬುದನ್ನು ಗಮನಿಸಿರಿ. ಇದು ದೊಡ್ಡ ಊರಿನ ದೊಡ್ಡ ಡಾಕ್ಟರರಿಗಷ್ಟೇ ಬರುವ ವಿದ್ಯೆಯಲ್ಲ.

ದಾರವೂ ಮುಖ್ಯವೇ. ಪ್ರಾಣಿಗಳ ಕರುಳಿನಿಂದ ತಯಾರಾಗುವ ಹಳೆಯ ಕ್ಯಾಟ್‌ಗಟ್ ದಾರಕ್ಕಿಂತ, ಸುಮಾರು ಆರು ವಾರಗಳಲ್ಲಿ ಕರಗಿಹೋಗುವ ಕೃತಕ ದಾರ ಹಿತಕರ. ಎರಡನೆಯ ವಾರದ ಹೊತ್ತಿಗೆ ಅದರ ತುಂಡುಗಳು ಪ್ಯಾಡಿನ ಮೇಲೆ ಉದುರಿದರೆ ಹೊಲಿಗೆ ಬಿಚ್ಚಿತೆಂದು ಗಾಬರಿಪಡಬೇಕಾಗಿಲ್ಲ.

ಆದರೆ ಈ ಹೋಲಿಕೆ ಸಾಮಾನ್ಯ ಕೊಯ್ತಕ್ಕೆ ಮತ್ತು ಎರಡನೆಯ ಹಂತದವರೆಗಿನ ಸೀಳಿಗೆ, ಅಂದರೆ ಚರ್ಮ ಮತ್ತು ಅದರ ಅಡಿಯ ಸ್ನಾಯುವಷ್ಟೇ ಹರಿದಿದ್ದರೆ ಮಾತ್ರ ಅನ್ವಯಿಸುತ್ತದೆ. ಗುದದ್ವಾರದ ಸ್ನಾಯು ಹರಿದಿದ್ದರೆ ಆಪರೇಷನ್ ಥಿಯೇಟರಿನಲ್ಲಿ ಬೇರೆಯೇ ಕ್ರಮದಲ್ಲಿ ಹೊಲಿಯಬೇಕಾಗುತ್ತದೆ. ಅಲ್ಲಿ ನಿಮ್ಮ ಆಯ್ಕೆಯ ಪ್ರಶ್ನೆ ಬರುವುದಿಲ್ಲ. ಹಾಗೆಯೇ, ಕಳೆದ ಸಲ ಕೊಯ್ದಿದ್ದರು ಎಂಬ ಕಾರಣಕ್ಕೆ ಈ ಸಲವೂ ಕೊಯ್ಯಬೇಕೆಂದಿಲ್ಲ. ಎಲ್ಲರಿಗೂ ವಾಡಿಕೆಯಾಗಿ ಕೊಯ್ಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಹೊಲಿಗೆಯ ಬಗೆಯನ್ನು ಕೇಳುವ ಮೊದಲು ಇದನ್ನೇ ಕೇಳಿರಿ ಎನ್ನುತ್ತೇನೆ.

ಬಾಣಂತನದ ವಿಷಯದಲ್ಲಿ ನನಗೊಂದು ಆತಂಕವಿದೆ. ನಮ್ಮ ಕಡೆಯ ಮನೆಗಳಲ್ಲಿ ಬಾಣಂತಿಗೆ ನೀರು, ಸೊಪ್ಪು, ಹಣ್ಣುಗಳನ್ನು ಕಡಿಮೆ ಕೊಡುವ ರೂಢಿ ಇನ್ನೂ ಉಳಿದಿದೆ. ಅದರಿಂದ ಮಲ ಗಟ್ಟಿಯಾಗಿ, ತಿಣುಕಿದಾಗಲೆಲ್ಲ ಎಷ್ಟೇ ಚೆನ್ನಾಗಿ ಹಾಕಿದ ಹೊಲಿಗೆಯೂ ನೋಯುತ್ತದೆ. ಹಂಡೆಯ ಬಿಸಿನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ, ಆದರೆ ಆ ಬಿಸಿನೀರನ್ನು ಗಾಯದ ಮೇಲೆ ರಭಸವಾಗಿ ಹೊಯ್ಯಬಾರದು, ಗಾಯಕ್ಕೆ ಕೆಂಡದ ಶಾಖವೂ ಬೇಡ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷದಷ್ಟು ಇಟ್ಟರೆ ಊತ ತಗ್ಗುತ್ತದೆ. ಆಷಾಢದ ಮಳೆಯಲ್ಲಿ ಶಿರಸಿಯಲ್ಲಿ ಬಟ್ಟೆ ಒಣಗುವುದೇ ಇಲ್ಲವಾದ್ದರಿಂದ ಅರೆ ಒಣಗಿದ ಬಟ್ಟೆಯನ್ನು ಬಳಸದೆ ಪ್ಯಾಡನ್ನೇ ಬಳಸಿರಿ ಮತ್ತು ಆಗಾಗ ಬದಲಿಸಿರಿ.

ದಿನಗಳೆದಂತೆ ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಜ್ವರ ಬಂದರೆ, ಗಾಯ ಕೀವುಗಟ್ಟಿ ವಾಸನೆ ಬಂದರೆ ಅಥವಾ ಮಲ, ವಾಯುವಿನ ಮೇಲೆ ಹಿಡಿತ ತಪ್ಪಿದರೆ, ಹನ್ನೊಂದನೆಯ ದಿನದ ಶುದ್ಧಿ ಮುಗಿಯಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿರಿ.