ಕುಮಟಾ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಯಲ್ಲಿ ಹಕ್ಕಿ ನೋಡೋಕೆ ಡಿಸೆಂಬರ್ ಒಳ್ಳೇದಾ, ಜನವರಿನಾ? 400 ಎಂಎಂ ಲೆನ್ಸ್ ಸಾಕಾ? ಅಂತ ಕೇಳಿದ್ದೀರಿ.

ಇದೇ ಎರಡು ಪ್ರಶ್ನೆ ತಲೇಲಿಟ್ಕೊಂಡು ನಾನೂ ಒಂದು ಡಿಸೆಂಬರಲ್ಲಿ ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿದ್ದೆ, ಬಾಡಿಗೆಗೆ ತಂದ ಲೆನ್ಸನ್ನ ಮಗು ಥರ ತೊಡೆ ಮೇಲಿಟ್ಕೊಂಡು. ತಿಂಗಳೂ ಸರಿ ಇತ್ತು, ಲೆನ್ಸೂ ಸರಿ ಇತ್ತು. ಬೆಳಿಗ್ಗೆ ಏಳೂವರೆಗೆ ಅಳಿವೆ ದಡದ ತದಡಿಯಲ್ಲಿ ದೋಣಿ ಹತ್ತಿದ್ರೆ ಎದುರಿಗೆ ಬರೀ ನೀರು. ಎರಡು ಬೆಳ್ಳಕ್ಕಿ, ಕಂಬದ ಮೇಲೊಂದು ಗರುಡ.

"ಹಕ್ಕಿ ಎಲ್ಲಿ ಅಜ್ಜಾ?" ಅಂದೆ ದೋಣಿಯವರಿಗೆ.

"ಈಗ ಭರ್ತಿ ಅಲ್ವಾ ತಮಾ. ಅವು ಎಂತ ನೀರ ಮೇಲೆ ನಿಲ್ತವಾ?"

ಭರ್ತಿ ಅಂದ್ರೆ ಸಮುದ್ರದ ನೀರು ಏರಿ ತುಂಬೋದು, ಇಳಿತ ಅಂದ್ರೆ ಅದು ಇಳಿದು ಹಕ್ಕಿ ಮೇಯೋ ಕೆಸರು ಕಾಣೋದು. ಈ ವಿಷಯ ನನಗೆ ಗೊತ್ತಿಲ್ಲದೆ ಏನಿಲ್ಲ. ಅರ್ಧ ಗೊತ್ತಿತ್ತು, ಅದೇ ಮುಳುವಾಯ್ತು. ಹಿಂದಿನ ಶನಿವಾರ ಫೋನಲ್ಲಿ ನೋಡಿದಾಗ ಇಳಿತ ಏಳೂವರೆಗೆ ಅಂತಿತ್ತು. ಮುಂದಿನ ಶನಿವಾರವೂ ಹೆಚ್ಚುಕಮ್ಮಿ ಅಷ್ಟೊತ್ತಿಗೇ ತಾನೆ ಅಂತ ಟಿಕೆಟ್ ಮಾಡಿಸಿಬಿಟ್ಟೆ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ನೀರೂ ಅಷ್ಟೇ ತಡ ಮಾಡುತ್ತೆ. ಏಳು ದಿನಕ್ಕೆ 350 ನಿಮಿಷ, ಹತ್ತಿರ ಹತ್ತಿರ ಆರು ಗಂಟೆ. ಇಳಿತಕ್ಕೂ ಭರ್ತಿಗೂ ನಡುವಿನ ಅಂತರವೂ ಆರು ಗಂಟೆ ಚಿಲ್ಲರೆ. ಹಾಗಾಗಿ ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಹೋದವನಿಗೆ ಸಿಗೋದು ಪೂರ್ತಿ ಉಲ್ಟಾ! ಎರಡು ವಾರ ಬಿಟ್ಟು ಹೋಗಿದ್ರೆ ಬಚಾವಾಗ್ತಿದ್ದೆ. ಈ ಗುಣಾಕಾರಕ್ಕೆ ನನಗೆ ಒಂದು ಬೆಳಗು, ದೋಣಿ ದುಡ್ಡು, ಲೆನ್ಸ್ ಬಾಡಿಗೆ ಹೋಯ್ತು. ಅಜ್ಜನಿಗೆ ಫೋನೂ ಬೇಡ, ಗುಣಾಕಾರವೂ ಬೇಡ. "ಹುಣ್ಣಿಮೆ ಕಳೆದು ದಶಮಿ ಇವತ್ತು, ಇನ್ನು ಊಟದ ಹೊತ್ತಿಗೇ ಇಳಿಯೂದು" ಅಂದ್ರು, ಹಾಗೇ ಆಯ್ತು.

ಒಂದೂವರೆಗೆ ಕೆಸರು ಮೇಲೆದ್ದಿತ್ತು. ಹೆಂಗಸರು ಸೊಂಟ ಬಗ್ಗಿಸಿ ಬಳಚು (ಚಿಪ್ಪುಮೀನು) ಆರಿಸ್ತಿದ್ರು, ಅವರಿಂದ ಹತ್ತು ಮಾರು ದೂರದಲ್ಲಿ ರೆಡ್‌ಶ್ಯಾಂಕ್‌ಗಳು ಕಿತ್ತಳೆ ಕಾಲಲ್ಲಿ ಪುಟಪುಟ ಓಡಾಡ್ತಾ ಕೆಸರು ಕುಕ್ಕುತ್ತಿದ್ವು. ಪಕ್ಕದಲ್ಲೇ ಬಾಗಿದ ಕೊಕ್ಕಿನ ವಿಂಬ್ರೆಲ್ ಒಂದು ಏಡಿ ಎಳೀತಿತ್ತು. ನಾನು ಕ್ಯಾಮೆರಾ ಎತ್ತಿ ನಾಲ್ಕು ಹೆಜ್ಜೆ ಇಟ್ಟೆ ಅಷ್ಟೇ, ಒಂದು ರೆಡ್‌ಶ್ಯಾಂಕ್ ಚೀರಿತು. ಇಡೀ ಗುಂಪು, ರೆಕ್ಕೆಯಂಚಿನ ಬಿಳಿ ತೋರಿಸ್ತಾ, ಆಚೆ ದಡಕ್ಕೆ. ಬಳಚು ಆರಿಸೋ ಅಕ್ಕ ಒಬ್ರು ತಲೆ ಎತ್ತಿ ನನ್ನ ನೋಡಿದ ನೋಟ ಇನ್ನೂ ನೆನಪಿದೆ.

ಅದಕ್ಕೇ ಹೇಳ್ತಿದ್ದೀನಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ವಲಸೆ ಹಕ್ಕಿಗಳಿಗೆ ನವೆಂಬರಿಂದ ಫೆಬ್ರವರಿವರೆಗೆ ಯಾವ ತಿಂಗಳಾದ್ರೂ ನಡೆಯುತ್ತೆ. ಲೆನ್ಸ್ ಮನೇಲಿಡಿ, 8x42 ಬೈನಾಕ್ಯುಲರ್ ಸಾಕು. ನೋಡಬೇಕಾದ್ದು ಗಂಟೆ, ಅದೂ ನೀವು ಹೋಗೋ ದಿನದ್ದೇ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರಿನ ಆ ತುದಿಯಲ್ಲಿ ಚೆದುರಿರ್ತವೆ. ಇಳಿತ ಮುಗಿದು ನೀರು ಏರೋಕೆ ಶುರುವಾದಾಗ ದಡದಲ್ಲಿ ಸುಮ್ಮನೆ ಕೂತ್ರೆ, ನೀರೇ ಅವನ್ನ ನಿಮ್ಮ ಕಡೆ ತಳ್ಕೊಂಡು ಬರುತ್ತೆ. ಎಂಜಿನ್ ದೋಣಿ ಬೇಡವೇ ಬೇಡ. ಭರ್ತಿ ಹೊತ್ತಿಗೆ ಸಿಕ್ಕಿಹಾಕ್ಕೊಂಡ್ರೆ ಸಾಣಿಕಟ್ಟೆಯ ಉಪ್ಪಿನ ಆಗರದ ಕಡೆ ಹೋಗಿ, ಅಲ್ಲಿ ವಿಶ್ರಾಂತಿಗೆ ಬಂದಿರ್ತವೆ. ಏರಿ ಮೇಲೆ ಕಾಲಿಡೋ ಮುಂಚೆ ಕೆಲಸದವರನ್ನ ಕೇಳಿ.

ಆಮೇಲೆ, 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದ್ರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ, ಸೇರಿದೆ ಅಂತ ರಂಗನತಿಟ್ಟಿನ ಹಾಗೆ ಗೇಟು, ಟಿಕೆಟ್ಟು ಹುಡುಕಬೇಡಿ. 4801 ಹೆಕ್ಟೇರಿನ ಅಳಿವೆ, ಅದರೊಳಗೆ ಕಾಂಡ್ಲಾ ಕಾಡು, ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೆಯೋ ಗಜನಿ ಗದ್ದೆ, ಮೀನು, ಬಳಚು ಎಲ್ಲಾ ಇದೆ, ಅದನ್ನೇ ನಂಬಿ ಬದುಕೋ ಜನವೂ ಇದ್ದಾರೆ. ಹೋದವರು ಅವರ ಕೆಲಸಕ್ಕೆ ಅಡ್ಡ ಬರದಿದ್ರೆ ಸಾಕು.

ಹೊರಡೋ ದಿನ ಯಾವುದು ಅಂತ ನೀವು ಬರೆದೇ ಇಲ್ಲ. ಬರೆದ್ರೆ ತಿಥಿ ನೋಡಿ ಯಾವ ಬಸ್ಸು ಹಿಡೀಬೇಕು ಹೇಳ್ತೀನಿ.