ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೆ ಫೋನ್ ಡಯಲ್‌ಗಳನ್ನು ಗುಜರಿಗೆ ಹಾಕಬಹುದೇ?

ಲೈನ್‌ಮನ್ ಆಗಿದ್ದ ನಿಮ್ಮ ಅಜ್ಜನ ಟ್ರಂಕಿನಲ್ಲಿ ತಿರುಗಿಸುವ ಫೋನಿನ ಬಿಡಿ ಡಯಲ್‌ಗಳು ಸಿಕ್ಕಿವೆ, ವಿಜಯಪುರದ ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ, ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡ್ರಿ. ನಾನು ಬಾಗಲಕೋಟೆ ನವನಗರದವನು. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಮುಳುಗಡೆಯಾದಾಗ ನಮ್ಮ ಓಣಿಯವರು ಮನೆ ಖಾಲಿ ಮಾಡುತ್ತ ಒಳ್ಳೊಳ್ಳೆ ಫೋನುಗಳನ್ನು ಹೀಗೇ ತಕ್ಕಡಿಗೆ ಹಾಕಿದರು. ಅದರ ಸಂಕಟ ನನಗೆ ಇವತ್ತಿಗೂ ಇದೆ. ಹಳೆ ಫೋನು ಹುಡುಕಿ ತಂದು ರಿಪೇರಿ ಮಾಡುವ ಹವ್ಯಾಸ ಇರುವುದರಿಂದ ಗೊತ್ತಿದ್ದಷ್ಟು ಹೇಳುತ್ತೇನೆ.

ಮುಖದ ಹೊಳಪು ನೋಡಿ ಬೆಲೆ ಕಟ್ಟಬೇಡ್ರಿ, ಡಯಲನ್ನು ಬೋರಲು ಹಾಕಿ ನೋಡ್ರಿ. ಬ್ರಿಟಿಷ್ ಅಂಚೆ ಇಲಾಖೆಯದಾದರೆ 10, 12, 21 ಇಂಥ ನಮೂನೆ ಸಂಖ್ಯೆ, ಬಹಳ ಸಲ ಇಸವಿಯ ಕೊನೆಯ ಎರಡಂಕಿಯೂ ಇರುತ್ತವೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಡಯಲ್ ಆದರೆ 5ಎಚ್, 6ಎ, 7ಎ ಅಂತ ಇರುತ್ತದೆ. ಆದರೆ ಲೈನ್‌ಮನ್ ಟ್ರಂಕಿನಲ್ಲಿ ಸಿಕ್ಕಿದ್ದು ಅಂದರೆ ಹೆಚ್ಚಿನವು ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಮಾಲೇ ಇರಬೇಕು. 1948ರಲ್ಲಿ ಶುರುವಾದ ಆ ಕಾರ್ಖಾನೆ ಮೊದಲು ತಯಾರಿಸಿದ್ದು ಬ್ರಿಟಿಷ್ ವಿನ್ಯಾಸದ ಫೋನುಗಳನ್ನೇ. ಹಾಗಾಗಿ ನೋಡಲು ಬ್ರಿಟಿಷ್ ಥರ ಇದೆ ಅಂದಮಾತ್ರಕ್ಕೆ ಸ್ವಾತಂತ್ರ್ಯಕ್ಕೂ ಮುಂಚಿನದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ್ರಿ.

ನಂಬರಿನ ತಟ್ಟೆಯೂ ಬಹಳಷ್ಟು ಹೇಳುತ್ತದೆ. ಅಂಕಿಗಳು ಬೆರಳು ಹಾಕುವ ತೂತಿನ ಒಳಗೇ ಕಾಣುತ್ತಿದ್ದರೆ ಹಳೇ ವಿನ್ಯಾಸ. ತೂತಿನ ಆಚೆ, ಹೊರಸುತ್ತಿನಲ್ಲಿದ್ದರೆ ಹೆಚ್ಚಾಗಿ 1950ರ ಈಚಿನ ವಿನ್ಯಾಸ. ಇಂಗ್ಲಿಷ್ ಅಕ್ಷರಗಳೂ ಇದ್ದರೆ ‘ಓ’ ಎಲ್ಲಿದೆ ನೋಡ್ರಿ: ಸೊನ್ನೆಯ ಜೊತೆಗಿದ್ದರೆ ಬ್ರಿಟಿಷ್, ಆರರ ಜೊತೆಗಿದ್ದರೆ ಅಮೆರಿಕದ್ದು. ಹಳೇ ತಟ್ಟೆಗಳು ಉಕ್ಕಿನ ಮೇಲೆ ಎನಾಮಲ್ ಹಚ್ಚಿದವು, ನಮ್ಮ ಮನೆಯ ಎನಾಮಲ್ ಬೋಗುಣಿಯಂತೆ ನುಣ್ಣಗೆ ಮಿಂಚುತ್ತವೆ. ಅಯಸ್ಕಾಂತ ಹಿಡಿಯುತ್ತದೆ, ಚಕ್ಕೆ ಎದ್ದ ಕಡೆ ತುಕ್ಕು ಕಾಣುತ್ತದೆ. ಚಕ್ಕೆ ಏಳದ ಎನಾಮಲ್ ತಟ್ಟೆ ಸಿಕ್ಕರೆ ಸಂಗ್ರಹಕಾರರು ಖುಷಿಯಿಂದ ಹೆಚ್ಚು ಕೊಡುತ್ತಾರೆ. ನಡುವೆ ಕೈಬರಹದಲ್ಲಿ ಹಳೇ ನಂಬರ್ ಬರೆದ ದುಂಡನೆ ಚೀಟಿ ಇದ್ದರೆ ಅದನ್ನಂತೂ ಕೀಳಲೇಬೇಡ್ರಿ. ಅದು ಯಾವ ಊರಿನ ಯಾವ ಮನೆಯ ಫೋನು ಅನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ.

ಇನ್ನು ಡಯಲ್ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು. ಸೊನ್ನೆ ತಿರುಗಿಸಿ ಬಿಡ್ರಿ. ಸೊನ್ನೆಗೆ ಹತ್ತು ಪಲ್ಸ್, ಅಂದರೆ ಲೈನಿನ ಸಂಪರ್ಕ ಹತ್ತು ಸಲ ಕ್ಷಣಕಾಲ ಕಡಿಯುತ್ತದೆ, ಸೆಕೆಂಡಿಗೆ ಹತ್ತರ ವೇಗ. ಅಂದರೆ ಡಯಲ್ ಸುಮಾರು ಒಂದು ಸೆಕೆಂಡಿನಲ್ಲಿ, ಒಂದೇ ಲಯದಲ್ಲಿ ಟಿಕಟಿಕ ಅನ್ನುತ್ತ ವಾಪಸ್ ಬರಬೇಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಪರದೆಯ ಮೇಲೆ ಹತ್ತು ಗೆರೆ ಎದ್ದಿರುವುದು ಕಣ್ಣಿಗೇ ಕಾಣುತ್ತದೆ. ಮಲ್ಟಿಮೀಟರ್ ಇದ್ದರೆ ಪಲ್ಸ್ ಸ್ಪ್ರಿಂಗಿಗೆ (ಸಂಪರ್ಕ ಕಡಿದು ಕೂಡಿಸುವ ಲೋಹದ ಪಟ್ಟಿಗಳಿಗೆ) ಹಚ್ಚಿ ಮೂರರ ಅಂಕಿ ತಿರುಗಿಸ್ರಿ, ಸಂಪರ್ಕ ಮೂರು ಸಲ ಕಡಿಯಬೇಕು. ನಡುವೆ ತಡವರಿಸಿ ನಿಂತರೆ ಬಹಳ ಸಲ ಒಳಗೆ ಎಣ್ಣೆ ಗಟ್ಟಿಯಾಗಿರುತ್ತದೆ. ಅದು ದೊಡ್ಡ ರೋಗವಲ್ಲ, ಆದರೆ ಕಂಡಲ್ಲೆಲ್ಲ ಎಣ್ಣೆ ಸುರಿಯಬೇಡ್ರಿ. ಹಿಂದಿರುವ ಗವರ್ನರಿನ (ವೇಗ ನಿಯಂತ್ರಿಸುವ ಭಾಗದ) ಪುಟ್ಟ ತೂಕಗಳು ಬಟ್ಟಲಿನ ಅಂಚಿಗೆ ಉಜ್ಜಿಕೊಂಡೇ ವೇಗ ಹಿಡಿದಿಡುತ್ತವೆ. ಅಲ್ಲಿಗೆ ಎಣ್ಣೆ ಬಿದ್ದರೆ ಡಯಲ್ ಓಡತೊಡಗುತ್ತದೆ, ಎಕ್ಸ್‌ಚೇಂಜಿಗೆ ನಂಬರ್ ತಪ್ಪಾಗಿ ಹೋಗುತ್ತದೆ. ಉಪ್ಪುಕಾಗದವಾಗಲಿ, ಹುಣಸೆಹಣ್ಣಾಗಲಿ ಹಚ್ಚಬಾರದು. ಹಿಂಡಿದ ಒದ್ದೆ ಬಟ್ಟೆಯಿಂದ ಮೇಲಷ್ಟೇ ಒರೆಸಿದರೆ ಸಾಕು.

ಬೆಲೆಯ ಮಾತು. ಆನ್‌ಲೈನಿನಲ್ಲಿ ಮಾರುವವರು ಹಾಕಿರುವ ರೇಟು ಬರೀ ಆಸೆ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸು ಅನ್ನುವ ಆಯ್ಕೆ ಇದೆ, ಅದೇ ನಮೂನೆ ಸಂಖ್ಯೆ ಹಾಕಿ ನೋಡ್ರಿ. 70–80ರ ದಶಕದ ಪ್ಲಾಸ್ಟಿಕ್ ಡಯಲ್‌ಗೆ ಬಿಡಿಭಾಗದ ಬೆಲೆಯಷ್ಟೇ. ಇಸವಿ ಗುರುತಿರುವ, ಎನಾಮಲ್ ತಟ್ಟೆಯ, ತಿರುಗುವ ಡಯಲ್‌ಗೆ ಅದಕ್ಕಿಂತ ಬಹಳ ಹೆಚ್ಚು. ಅದೇ ಡಯಲ್ ಅದರದೇ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಫೋನಿನಲ್ಲಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಅಟ್ಟದ ಮೇಲೆ ಖಾಲಿ ಫೋನಿನ ಡಬ್ಬಿ ಏನಾದರೂ ಇದೆಯಾ ಅಂತ ಒಮ್ಮೆ ಹುಡುಕ್ರಿ. ಎಲ್ಲ ಡಯಲ್‌ಗಳ ಹಿಂಬದಿಯ ಫೋಟೊ ಇಲ್ಲಿ ಹಾಕಿದರೆ ಯಾವುದು ಏನು ಅಂತ ಒಂದೊಂದಾಗಿ ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಗುಜರಿಯವರನ್ನು ತಡೆದಿಡ್ರಿ.