ಐಪೀಸಿಗಿಂತ ಮೊದಲು ಸ್ಟ್ಯಾಂಡ್ ನೋಡಿ

ಪ್ರಶ್ನೆ: ಮಗಳಿಗೆ 70 ಮಿಮೀ ಟೆಲಿಸ್ಕೋಪ್ ಕೊಡಿಸಿದ್ದೇನೆ. ಫೋಕಲ್ ಲೆಂಗ್ತ್ 700. ಜೊತೆಗೆ 20 ಮತ್ತು 4 ಮಿಮೀ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್), 3 ಪಟ್ಟಿನ ಬಾರ್ಲೋ (ಐಪೀಸಿನ ಪಟ್ಟು ಹೆಚ್ಚಿಸುವ ಲೆನ್ಸ್) ಬಂದಿವೆ. 4ರಲ್ಲಿ ಗುರುಗ್ರಹ ಬರೀ ಮಬ್ಬು, ಮೇಲಾಗಿ ನಡುಗುತ್ತದೆ. ಕಡಿಮೆ ಖರ್ಚಿನಲ್ಲಿ ಏನು ಕೊಳ್ಳಲಿ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಫೋಕಲ್ ಲೆಂಗ್ತ್ 700ನ್ನು ಐಪೀಸಿನ 4ರಿಂದ ಭಾಗಿಸಿ: 175 ಪಟ್ಟು ದೊಡ್ಡದಾಗಿ ತೋರಿಸುತ್ತದೆ. 70 ಮಿಮೀ ಅಗಲದ ಲೆನ್ಸ್ ಸುಮಾರು 140ರ ಮೇಲೆ ಹೊಸದೇನೂ ತೋರಿಸುವುದಿಲ್ಲ. ಬಾರ್ಲೋ ಸೇರಿಸಿದರೆ 525! ಡಬ್ಬಿಯ ಮೇಲೆ ಅಚ್ಚು ಹಾಕಲಿಕ್ಕೆ ಚೆಂದ, ಅಷ್ಟೇ. 10 ಮಿಮೀ ಪ್ಲೋಸಲ್ (ಒಂದು ಬಗೆಯ ಐಪೀಸ್) ಒಂದು ಸಾಕು. 70 ಪಟ್ಟಿನಲ್ಲಿ ಗುರುವಿನ ಪಟ್ಟೆಗಳು, ಶನಿಯ ಬಳೆ ಎರಡೂ ಕಾಣುತ್ತವೆ. ಕೊಳ್ಳುವ ಮುಂಚೆ ಐಪೀಸ್ ಕೂರುವ ತೂತನ್ನು ಅಳೆಯಿರಿ. 1.25 ಇಂಚು ಇದ್ದರೆ ನಿಶ್ಚಿಂತೆ; 0.965 ಆದರೆ ಇದು ಕೂರುವುದಿಲ್ಲ.

ನಡುಕಕ್ಕೆ ಹೊಸ ಟ್ರೈಪಾಡ್ ಬೇಡ. ಕಾಲುಗಳನ್ನು ಪೂರ್ತಿ ಒಳಗೆಳೆದು, ಸ್ಟೂಲ್ ಮೇಲೆ ಕೂತು ನೋಡಿ. ನಡುವೆ ಒಂದು ಚೀಲ ಕಟ್ಟಿ, ನೀರಿನ ಬಾಟಲಿ ಹಾಕಿ. ನಾನು ನಮ್ಮ ಭಾಂಡೂಪ್ ಟೆರೇಸಿನಲ್ಲಿ ಬಿಸ್ಲೇರಿ ಬಾಟಲಿಗಳನ್ನೇ ತೂಗುಹಾಕುತ್ತೇನೆ. ಫೋಕಸ್ ತಿರುಗಿಸಿ ಕೈ ಬಿಟ್ಟರೆ ಗುರು ಬೇಗ ನಿಲ್ಲುತ್ತಾನೆ. ಸಂಜೆಯೇ ಟೆರೇಸಿಗೆ ಹೋಗಬೇಡಿ, ಸ್ಲ್ಯಾಬಿನ ಬಿಸಿಗೆ ಚಿತ್ರ ಕುದಿಯುತ್ತದೆ.

ಮಳೆಗಾಲದಲ್ಲಿ ಐಪೀಸುಗಳನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ, ಇಲ್ಲಾಂದ್ರೆ ಬೂಷ್ಟು ಗ್ಯಾರಂಟಿ. ಐಪೀಸಿಗೆ ತಿರುಗಿಸುವ ಸೂರ್ಯನ ಫಿಲ್ಟರ್ ಬಂದಿದ್ದರೆ ಇವತ್ತೇ ಬಿಸಾಡಿ. ಬಿಸಿಗೆ ಅದು ಬಿರುಕು ಬಿಟ್ಟರೆ ಮಗಳ ಕಣ್ಣೇ ಹೋದೀತು.